ಎಲ್ಲಿ ಒತ್ತಬೇಕು, ಎಲ್ಲಿ ಹೆದರಬೇಕು

ಮೊದಲ ಬಾರಿ ಕಂಪ್ಯೂಟರ್ ಜೋಡಿಸಲು ಕುಳಿತವರಿಗೆ ಮೇಜಿನ ಮೇಲಿರುವ ಎಲ್ಲ ವಸ್ತುಗಳ ಬಗ್ಗೆಯೂ ಒಂದೇ ಸಮನಾದ ಭಯವಿರುತ್ತದೆ. ಪ್ರೊಸೆಸರನ್ನು ಎತ್ತುವಾಗ ಎಷ್ಟು ಅಳುಕೋ, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚುವಾಗಲೂ ಅಷ್ಟೇ ಅಳುಕು. ರ‍್ಯಾಮ್ ಮುರಿದೀತು, ಮದರ್‌ಬೋರ್ಡ್ ಬಿರುಕು ಬಿಟ್ಟೀತು, ಶಾಕ್ ಹೊಡೆದೀತು, ತಪ್ಪು ತಂತಿ ಸೇರಿ ಎಲ್ಲವೂ ಸುಟ್ಟುಹೋದೀತು. ಹಲವು ವರ್ಷಗಳಿಂದ ನನಗಾಗಿಯೂ ನೆಂಟರಿಷ್ಟರಿಗಾಗಿಯೂ ಕಂಪ್ಯೂಟರ್ ಜೋಡಿಸುತ್ತ ಬಂದಿದ್ದೇನೆ. ಹೊಸಬರು ಜೋಡಿಸುವಾಗ ಪಕ್ಕದಲ್ಲಿ ಕೈಕಟ್ಟಿ ಕುಳಿತು ನೋಡಿದ್ದೂ ಉಂಟು. ನನಗೆ ಮನವರಿಕೆಯಾಗಿರುವುದು ಇಷ್ಟು: ಈ ಕೆಲಸಕ್ಕೆ ಬೇಕಾದದ್ದು ಭಂಡ ಧೈರ್ಯವಲ್ಲ, ಭಯದ ಸರಿಯಾದ ಹಂಚಿಕೆ. ಹೆದರಲೇಬೇಕಾದ ಜಾಗಗಳು ನಾಲ್ಕಾರು ಇವೆ. ಅಲ್ಲಿ ನಿಜವಾಗಿಯೂ ಹೆದರಬೇಕು. ಮಿಕ್ಕ ಕಡೆ ಗಟ್ಟಿಯಾಗಿ ಒತ್ತಬೇಕು. ಅಲ್ಲಿ ನಾಜೂಕು ತೋರಿಸಿದರೇ ಯಂತ್ರ ಕೈಕೊಡುತ್ತದೆ.

ಹೊಸಬರೊಬ್ಬರು ಒಂದೇ ಒಂದು ಸ್ಕ್ರೂಡ್ರೈವರ್ ಹಿಡಿದು ಇಂಥ ಯಂತ್ರವನ್ನು ಕಟ್ಟಬಹುದು ಎಂಬುದು ಸಣ್ಣ ಸಂಗತಿಯಲ್ಲ, ಅದು ತಾನಾಗಿ ಒದಗಿದ್ದೂ ಅಲ್ಲ. 1975ರಲ್ಲಿ ಬಂದ ಆಲ್ಟೇರ್ 8800 ಕಂಪ್ಯೂಟರನ್ನು ಬಿಡಿಭಾಗಗಳ ಕಿಟ್ ಆಗಿ ಕೊಂಡವರು ಒಂದೊಂದು ಬಿಡಿಭಾಗವನ್ನೂ ತಾವೇ ಬೆಸುಗೆ ಹಾಕಿ ಕೂರಿಸಬೇಕಿತ್ತು. ಮರುವರ್ಷದ ಆ್ಯಪಲ್-1 ಜೋಡಿಸಿದ ಬೋರ್ಡ್ ಆಗಿಯೇ ಬಂತು. ಆದರೆ ಪೆಟ್ಟಿಗೆ, ಕೀಬೋರ್ಡ್, ವಿದ್ಯುತ್ತಿನ ವ್ಯವಸ್ಥೆ ಎಲ್ಲವನ್ನೂ ಕೊಂಡವರೇ ಹೊಂದಿಸಿಕೊಳ್ಳಬೇಕಿತ್ತು. 1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ ಒಳಗಿದ್ದ ಹೆಚ್ಚಿನ ಭಾಗಗಳು ಯಾರಿಗೆ ಬೇಕಾದರೂ ಸಿಗುವಂಥವು. ಬೋರ್ಡಿನ ವಿದ್ಯುತ್ ನಕ್ಷೆಯನ್ನೂ ಯಂತ್ರ ಶುರುವಾದೊಡನೆ ಓಡುವ ಮೊದಲ ತಂತ್ರಾಂಶವಾದ ಬಯೋಸ್‌ನ ಸಾಲುಗಳನ್ನೂ ತಾಂತ್ರಿಕ ಕೈಪಿಡಿಯಲ್ಲೇ ಅಚ್ಚುಹಾಕಿದ್ದರು. ಬೇರೆ ಕಂಪನಿಗಳು ಅದಕ್ಕೆ ಹೊಂದುವ ಕಾರ್ಡುಗಳನ್ನು ಮಾಡಿದವು. ನಕಲು ಮಾಡದೆ ತಮ್ಮದೇ ಬಯೋಸ್ ಬರೆದು ಹೊಂದುವ ಕಂಪ್ಯೂಟರುಗಳನ್ನೇ ಮಾಡಿದವು. ಒಬ್ಬರ ಬೋರ್ಡಿಗೆ ಇನ್ನೊಬ್ಬರ ಕಾರ್ಡು, ಮತ್ತೊಬ್ಬರ ಡಿಸ್ಕು ಎಂಬ ಪರಿಪಾಠ ಬೆಳೆದದ್ದು ಹಾಗೆ.

ಆ ಕಾಲದ ಬೋರ್ಡುಗಳಲ್ಲಿ ನಿಜವಾಗಿಯೂ ಹೆದರಬೇಕಾದ ಒಂದು ಜಾಗವಿತ್ತು. ವಿದ್ಯುತ್ ಬರುವುದು ಪಿ8, ಪಿ9 ಎಂಬ ಎರಡು ಪ್ಲಗ್ಗುಗಳಲ್ಲಿ. ಎರಡೂ ಅಕ್ಕಪಕ್ಕ ಕೂರುತ್ತಿದ್ದವು, ನೋಡಲು ಒಂದೇ ಥರ. ಅದಲುಬದಲಾದರೆ ಬೋರ್ಡ್ ಸುಟ್ಟಂತೆಯೇ. ಎರಡೂ ಪ್ಲಗ್ಗುಗಳ ಕಪ್ಪು ತಂತಿಗಳು ನಡುವೆ ಒಟ್ಟಿಗೆ ಬರಬೇಕು ಎಂಬ ನಿಯಮವನ್ನು ಜೋಡಿಸುವವರು ಬಾಯಿಪಾಠ ಮಾಡಿಟ್ಟುಕೊಂಡಿದ್ದರು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಮಾನಕವನ್ನು ಪ್ರಕಟಿಸಿತು. ಬೋರ್ಡಿನ ಅಳತೆ 305 ಮತ್ತು 244 ಮಿಲಿಮೀಟರ್. ಸ್ಕ್ರೂ ತೂತುಗಳು ಇಂತಿಂಥ ಕಡೆ. ಹಿಂಬದಿಯ ಪೋರ್ಟುಗಳು ಇಂಥಲ್ಲಿ. ವಿದ್ಯುತ್ತಿಗೆ ಒಂದೇ ಪ್ಲಗ್ಗು, ಅದೂ ತಿರುಗುಮುರುಗಾಗಿ ಕೂರದಂಥ ಆಕಾರದ್ದು. ಹೀಗೆ ಒಂದು ದೊಡ್ಡ ಭಯವನ್ನು ಎಂಜಿನಿಯರುಗಳು ಪ್ಲಾಸ್ಟಿಕ್ಕಿನ ಆಕಾರದಲ್ಲೇ ಪರಿಹರಿಸಿಬಿಟ್ಟರು. ಇಂದು ನಾವು ಕೊಳ್ಳುವ ಬೋರ್ಡು ಯಾವುದೋ ಕಂಪನಿಯದು, ಕ್ಯಾಬಿನೆಟ್ಟು ಇನ್ಯಾವುದೋ ಕಂಪನಿಯದು; ಆದರೂ ತೂತಿಗೆ ತೂತು ಸರಿಯಾಗಿ ಕೂಡುತ್ತದೆ. ಪ್ರತಿ ಬಾರಿ ಅದು ಕೂಡಿದಾಗಲೂ, ಮುಖ ಕಾಣದ ಆ ಜನರ ಬಗ್ಗೆ ನನಗೆ ಗೌರವ ಉಕ್ಕುತ್ತದೆ.

ಹೆದರಬೇಕಾದ ಮೊದಲನೆಯ ಜಾಗ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವುದಕ್ಕೂ ಮೊದಲೇ ಬರುತ್ತದೆ, ಭಾಗಗಳನ್ನು ಆರಿಸುವಾಗ. ಜೋಡಿಸುವಾಗ ಆಗುವ ಎಡವಟ್ಟುಗಳಲ್ಲಿ ಬಹುಪಾಲನ್ನು ಮತ್ತೆ ಬಿಚ್ಚಿ ಸರಿಪಡಿಸಬಹುದು. ಆಯ್ಕೆಯಲ್ಲಿ ಆದದ್ದನ್ನು ಹಾಗೆ ಸರಿಪಡಿಸಲು ಬರುವುದಿಲ್ಲ. ಪ್ರೊಸೆಸರ್ ಕೂರುವ ಗೂಡಿಗೆ ಸಾಕೆಟ್ ಎನ್ನುತ್ತಾರೆ. ಎಎಂಡಿ ಕಂಪನಿಯ ಎಎಂ5 ಸಾಕೆಟ್ಟಿನ ಬೋರ್ಡಿನಲ್ಲಿ ಎಎಂ5 ಪ್ರೊಸೆಸರ್ ಮಾತ್ರ ಕೂರುತ್ತದೆ, ಎಲ್‌ಜಿಎ 1700 ಸಾಕೆಟ್ಟಿನಲ್ಲಿ ಅದಕ್ಕೆಂದೇ ಮಾಡಿದ ಇಂಟೆಲ್ ಪ್ರೊಸೆಸರುಗಳು ಮಾತ್ರ. ಡಿಡಿಆರ್4, ಡಿಡಿಆರ್5 ಎರಡೂ ರ‍್ಯಾಮ್‌ಗಳಿಗೆ 288 ಪಿನ್‌ಗಳೇ, ಉದ್ದವೂ ಒಂದೇ. ಆದರೆ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಆದ್ದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಎಲ್‌ಜಿಎ 1700 ಬೋರ್ಡುಗಳಲ್ಲಿ ಎರಡೂ ಬಗೆಯವಿವೆ, ಕೆಲವೊಮ್ಮೆ ಹೆಸರಿನ ಕೊನೆಯ ಒಂದೆರಡು ಅಕ್ಷರ ಬಿಟ್ಟರೆ ಬೇರೇನೂ ವ್ಯತ್ಯಾಸವಿರುವುದಿಲ್ಲ. ಇಂಟೆಲ್ ಪ್ರೊಸೆಸರಿನ ಹೆಸರಿನ ತುದಿಯಲ್ಲಿ ‘ಎಫ್’ ಇದ್ದರೆ ಅದರೊಳಗೆ ತೆರೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಭಾಗ ಇಲ್ಲವೆಂದು ಅರ್ಥ; ಪ್ರತ್ಯೇಕ ಕಾರ್ಡ್ ಇಲ್ಲದೆ ತೆರೆಯ ಮೇಲೆ ಏನೂ ಮೂಡುವುದಿಲ್ಲ. ಬೋರ್ಡಿಗಿಂತ ಪ್ರೊಸೆಸರ್ ಹೊಸದಾಗಿದ್ದರೆ, ಬಯೋಸನ್ನು ನವೀಕರಿಸುವವರೆಗೂ ಬೋರ್ಡಿಗೆ ಅದರ ಗುರುತು ಹತ್ತದಿರಬಹುದು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸ್ ನವೀಕರಿಸುವ ಗುಂಡಿ ಹಲವು ಬೋರ್ಡುಗಳ ಹಿಂಬದಿಯಲ್ಲಿ ಇರುತ್ತದೆ. ಹೊಸಬರು ಅಂಥ ಬೋರ್ಡನ್ನೇ ಆರಿಸಿಕೊಂಡರೆ ಒಂದು ಚಿಂತೆ ಕಡಿಮೆ.

ನನ್ನ ಅಕ್ಕನ ಮಗಳು ವಿಡಿಯೊ ಸಂಕಲನಕ್ಕೆಂದು ತನ್ನದೇ ಕಂಪ್ಯೂಟರ್ ಜೋಡಿಸಬೇಕೆಂದು ಹೊರಟಾಗ ನಾನು ಮೊದಲು ಕೇಳಿದ್ದು, ದಿನವೂ ಅದರಲ್ಲಿ ಏನು ಮಾಡುತ್ತೀ ಎಂದು. ಆಟವಾಡುವವರ ಹಣದ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು. ಸಂಕಲನ ಮಾಡುವವರಿಗೆ ಹೆಚ್ಚು ಕೋರ್‌ಗಳಿರುವ ಪ್ರೊಸೆಸರ್, 32 ಗಿಗಾಬೈಟ್ ರ‍್ಯಾಮ್, ಕಡತಗಳನ್ನಿಡಲು ವೇಗದ ಎಸ್‌ಎಸ್‌ಡಿ ಬೇಕು. ಕಾರ್ಡು ಮಧ್ಯಮ ದರ್ಜೆಯದಾದರೂ ಸಾಕಾಗುತ್ತದೆ. ಬರೆಯುವುದು, ಓದುವುದು, ಲೆಕ್ಕಪತ್ರ ಇಷ್ಟೇ ಆದರೆ ಕಾರ್ಡೇ ಬೇಡ. ಯಾರೋ ಮಾಡಿಟ್ಟ ಪಟ್ಟಿಯನ್ನು ಹಾಗೆಯೇ ಕೊಳ್ಳುವುದು ನನಗೆ ಒಪ್ಪಿಗೆಯಾಗದ ಮಾತು. ಆ ಪಟ್ಟಿ ಅವರ ಕೆಲಸಕ್ಕೆ ಹೊಂದಿದ್ದು. ಕ್ಯಾಬಿನೆಟ್ ಮಾತ್ರ ಹೊಸಬರೆಲ್ಲರಿಗೂ ದೊಡ್ಡದಿರಲಿ. ಪುಟ್ಟ ಪೆಟ್ಟಿಗೆಯಲ್ಲಿ ಕೈಯಾಡುವುದಿಲ್ಲ. ಪ್ರೊಸೆಸರನ್ನು ತಂಪಾಗಿಡುವ ಕೂಲರಿನ ಎತ್ತರ, ಕಾರ್ಡಿನ ಉದ್ದ ಎಲ್ಲವನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬೇಕಾಗುತ್ತದೆ. ನೀರಿನಿಂದ ತಂಪುಮಾಡುವ ಕೂಲರಿನ ಆಸೆಯನ್ನೂ ಮೊದಲ ಯಂತ್ರದ ಮಟ್ಟಿಗೆ ಬಿಟ್ಟುಬಿಡಿ ಎನ್ನುತ್ತೇನೆ. ಒಂದು ಒಳ್ಳೆಯ ಗಾಳಿ ಕೂಲರಿನಲ್ಲಿ ಕೆಡುವಂಥದ್ದೆಂದರೆ ಫ್ಯಾನ್ ಒಂದೇ, ಅದನ್ನು ಬದಲಿಸುವುದು ಸುಲಭ.

ಎಸ್‌ಎಂಪಿಎಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹೊಸಬರ ಪಟ್ಟಿಯಲ್ಲಿ ಅದು ಯಾವಾಗಲೂ ಕೊನೆಗೆ, ಉಳಿದ ಹಣದಲ್ಲಿ ಬರುತ್ತದೆ. ಹಾಗಾಗಬಾರದು. ಗೋಡೆಯಿಂದ ಬರುವ ವಿದ್ಯುತ್ತನ್ನು 12, 5, 3.3 ವೋಲ್ಟ್‌ಗಳ ಏಕಮುಖ ಪ್ರವಾಹವಾಗಿ ಇಳಿಸಿ ಒಳಗಿನ ಎಲ್ಲ ಭಾಗಗಳಿಗೂ ಊಡುವ ಭಾಗ ಅದು. ಅದು ಕೆಟ್ಟ ರೀತಿಯಲ್ಲಿ ಸತ್ತರೆ ಜೊತೆಗಿರುವವರನ್ನೂ ಎಳೆದುಕೊಂಡು ಹೋಗುತ್ತದೆ. ಪೆಟ್ಟಿಗೆಯ ಮೇಲಿನ 80 ಪ್ಲಸ್ ಮುದ್ರೆಯನ್ನು ಗುಣಮಟ್ಟದ ಪೂರ್ಣ ಪ್ರಮಾಣಪತ್ರವೆಂದು ಓದಬೇಡಿ. ಎಷ್ಟು ವಿದ್ಯುತ್ ಶಾಖವಾಗಿ ಪೋಲಾಗುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಹೆಚ್ಚು ಪ್ರವಾಹ ಹರಿದಾಗ, ವೋಲ್ಟೇಜ್ ಏರಿದಾಗ, ಶಾರ್ಟ್ ಆದಾಗ ತಾನೇ ಆರಿಹೋಗುವ ರಕ್ಷಣೆಗಳು ಇವೆಯೇ ಎಂದು ಬೇರೆಯಾಗಿ ನೋಡಬೇಕು. ಮತ್ತೆ, ಎಸ್‌ಎಂಪಿಎಸ್‌ನ ತಗಡಿನ ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟ್ ಮೀರಿದ ವಿದ್ಯುತ್ ಉಳಿದಿರಬಹುದು. ಇಡೀ ಕಂಪ್ಯೂಟರಿನಲ್ಲಿ ಮನುಷ್ಯನ ಪ್ರಾಣಕ್ಕೆ ಅಪಾಯವಿರುವ ಜಾಗ ಅದೊಂದೇ. ಅದರಿಂದ ಹೊರಬರುವ 12 ವೋಲ್ಟ್‌ನ ತಂತಿ ಮುಟ್ಟಿದರೆ ನಮಗೆ ಶಾಕ್ ಹೊಡೆಯುವುದಿಲ್ಲ.

ಇನ್ನೊಂದು ನಿಜವಾದ ಭಯವೂ ಎಸ್‌ಎಂಪಿಎಸ್‌ಗೇ ಸೇರಿದ್ದು. ಇತ್ತೀಚಿನವುಗಳಲ್ಲಿ ಕೇಬಲ್ಲುಗಳನ್ನು ಬೇಕಾದಾಗ ಸಿಕ್ಕಿಸಿ ಬೇಡವಾದಾಗ ಕಳಚಿಡಬಹುದು. ಬೋರ್ಡಿನ ಕಡೆಯ ತುದಿಗೆ ಮಾನಕವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಒಂದು ಕಂಪನಿಯ ಕೇಬಲ್ ಇನ್ನೊಂದರದರಲ್ಲಿ ಸಲೀಸಾಗಿ ಕೂರಬಹುದು. 5 ವೋಲ್ಟ್ ಬರಬೇಕಾದ ತಂತಿಯಲ್ಲಿ 12 ವೋಲ್ಟ್ ಬಂದು ಡಿಸ್ಕ್ ಸುಟ್ಟುಹೋಗಬಹುದು. ಹಳೆಯ ಎಸ್‌ಎಂಪಿಎಸ್ ತೆಗೆದು ಹೊಸದನ್ನು ಹಾಕುವಾಗ, ಕೇಬಲ್ಲುಗಳು ಅಚ್ಚುಕಟ್ಟಾಗಿ ಕಟ್ಟಿವೆಯಲ್ಲ ಎಂದು ಹಳೆಯವನ್ನೇ ಉಳಿಸಿಕೊಳ್ಳುವ ಆಸೆಯಾಗುತ್ತದೆ. ಎಲ್ಲವನ್ನೂ ಕಿತ್ತು, ಹೊಸದರ ಜೊತೆ ಬಂದ ಕೇಬಲ್ಲುಗಳನ್ನೇ ಹಾಕಬೇಕು. ಸಿಕ್ಕಿಸಿದರೆ ಕೂರುತ್ತದೆ, ಆದ್ದರಿಂದ ಸರಿ ಎಂಬ ನಂಬಿಕೆ ಈ ಯಂತ್ರದಲ್ಲಿ ಸುಳ್ಳಾಗುವುದು ಇಲ್ಲಿ.

ಜೋಡಣೆಯ ದಿನ ನನ್ನ ಸೊಸೆ, ಅದೇ ಅಕ್ಕನ ಮಗಳು, ಮೊದಲೇ ತಾಕೀತು ಮಾಡಿದ್ದಳು: “ಮಾಮ, ನೀನು ಮುಟ್ಟಬೇಡ. ಬಾಯಲ್ಲಿ ಹೇಳು ಸಾಕು.” ಮದರ್‌ಬೋರ್ಡನ್ನು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಇಟ್ಟುಕೊಂಡಳು. ಎಲ್‌ಜಿಎ 1700 ಸಾಕೆಟ್ಟಿನ ಉಕ್ಕಿನ ಕಡ್ಡಿಯನ್ನು ಕೊಕ್ಕೆಯಿಂದ ಬಿಡಿಸಿ ಎತ್ತಿ, ಮೇಲಿನ ಚೌಕಟ್ಟನ್ನು ಹಿಂದಕ್ಕೆ ಸರಿಸಿದಳು. ಒಳಗೆ 1700 ಪಿನ್‌ಗಳು. ಬೆಳಕಿಗೆ ಹಿಡಿದು ಓರೆಯಾಗಿ ನೋಡಿದಾಗ ಮಾತ್ರ ಅವು ಒಂದೊಂದಾಗಿ ಕಾಣುತ್ತವೆ. ಪ್ರತಿಯೊಂದೂ ಕೂದಲಿನಂಥ ತೆಳುವಾದ, ಬಾಗಿದ ಸ್ಪ್ರಿಂಗ್. ಎಲ್ಲವೂ ಒಂದೇ ದಿಕ್ಕಿಗೆ ತಲೆ ಹಾಕಿ ನಿಂತಿರುತ್ತವೆ, ಒಂದು ಸೊಟ್ಟಗಾದರೂ ಹೊಳಪಿನ ಸಾಲು ಅಲ್ಲಿ ಮುರಿದು ಕಾಣುತ್ತದೆ. ಇದು ಉಸಿರು ಬಿಗಿಹಿಡಿಯಬೇಕಾದ ಜಾಗ. ಬೆರಳು ತಾಕಬಾರದು, ಪ್ರೊಸೆಸರ್ ಮೇಲಿಂದ ಜಾರಿ ಬೀಳಬಾರದು, ಕೂರಿಸಿದ ಮೇಲೆ ಅತ್ತಿತ್ತ ಎಳೆದಾಡಬಾರದು. ಪ್ರೊಸೆಸರಿನ ಮೂಲೆಯಲ್ಲಿ ಒಂದು ಪುಟ್ಟ ತ್ರಿಕೋನವಿದೆ, ಸಾಕೆಟ್ಟಿನಲ್ಲೂ ಇದೆ. ಅಂಚಿನ ಕಚ್ಚುಗಳೂ ಹೊಂದಬೇಕು. ಎರಡು ಅಂಚುಗಳಲ್ಲಿ ಹಿಡಿದು ನೇರವಾಗಿ ಇಳಿಸಿ ಬಿಟ್ಟುಬಿಡುವುದು, ಅಷ್ಟೇ. ಅವಳು ಅದನ್ನು ನನಗಿಂತ ಚೆನ್ನಾಗಿ ಮಾಡಿದಳು.

ಆಮೇಲೆ ಚೌಕಟ್ಟನ್ನು ಮುಚ್ಚಿ ಕಡ್ಡಿಯನ್ನು ಒತ್ತತೊಡಗಿದಾಗ ಅವಳ ಕೈ ನಿಂತುಹೋಯಿತು. ಕಡ್ಡಿ ವಿರೋಧಿಸುತ್ತಿತ್ತು. ಸಾಕೆಟ್ಟಿನಿಂದ ಕರಕರ ಎಂಬ ಸದ್ದು.

“ಮಾಮ, ಮುರಿಯುತ್ತಿದೆ.”

“ಮುರಿಯುತ್ತಿಲ್ಲ. ಒತ್ತು.”

“ಇನ್ನೂ ಒತ್ತಬೇಕೇ?”

“ಕೊಕ್ಕೆಯ ಕೆಳಗೆ ಹೋಗುವವರೆಗೂ.”

ಹಲ್ಲು ಕಚ್ಚಿ ಒತ್ತಿದಳು. ಸಾಕೆಟ್ಟಿನ ಮೇಲಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಟಪ್ಪನೆ ಮೇಲಕ್ಕೆ ಹಾರಿತು, ಕಡ್ಡಿ ಕೊಕ್ಕೆಗೆ ಸಿಕ್ಕಿತು. ಮುಚ್ಚಳ ಹಾಗೆ ಹಾರಬೇಕೆಂದೇ ಇರುವುದು. ಅದನ್ನು ಬಿಸಾಡದೆ ಬೋರ್ಡಿನ ಪೆಟ್ಟಿಗೆಯಲ್ಲಿ ಎತ್ತಿಡಬೇಕು, ಎಂದಾದರೂ ಬೋರ್ಡನ್ನು ವಾರಂಟಿಗೆ ಕಳುಹಿಸುವಾಗ ಸಾಕೆಟ್ಟಿಗೆ ಅದನ್ನು ಮುಚ್ಚಬೇಕಾಗುತ್ತದೆ. ಇಷ್ಟೊಂದು ಬಲವೇಕೆ ಎಂದು ಅವಳು ಕೇಳಿದಳು. ಒಂದು ಸ್ಪ್ರಿಂಗನ್ನು ಅದುಮಲು ಬೇಕಾದ ಬಲ ಗಣನೆಗೇ ಬಾರದಷ್ಟು ಕಡಿಮೆ. ಆದರೆ 1700 ಸ್ಪ್ರಿಂಗುಗಳನ್ನು ಒಟ್ಟಿಗೆ ಅದುಮಬೇಕು, ಒಂದೂ ಸಂಪರ್ಕ ತಪ್ಪದಂತೆ ವರ್ಷಗಟ್ಟಲೆ ಅದುಮಿಯೇ ಹಿಡಿಯಬೇಕು. ಅರ್ಧ ನಿಮಿಷದ ಹಿಂದೆ ಉಸಿರಾಡಲೂ ಹೆದರಬೇಕಿದ್ದ ಅದೇ ಸಾಕೆಟ್ಟಿನ ಮೇಲೆ ಈಗ ಕೈಯ ಭಾರವನ್ನೆಲ್ಲ ಹಾಕಬೇಕು. ಹೊಸಬರಿಗೆ ಈ ಕೆಲಸ ಕಷ್ಟವೆನಿಸುವುದು ಇಂಥ ತಿರುವುಗಳಿಂದ, ತಂತ್ರಜ್ಞಾನದ ಗಹನತೆಯಿಂದಲ್ಲ.

ರ‍್ಯಾಮ್‌ನದೂ ಇದೇ ಕಥೆ. ಕಚ್ಚು ನೋಡಿಕೊಂಡು ಸ್ಲಾಟಿನಲ್ಲಿ ನಿಲ್ಲಿಸಿ, ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಿದಾಗ ಬೋರ್ಡೇ ಸ್ವಲ್ಪ ಬಾಗಿದಂತೆ ಕಾಣುತ್ತದೆ. ಹೊಸಬರು ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಟಕ್ ಎಂಬ ಸದ್ದು ಬಂದು ಕೊಂಡಿ ತಾನಾಗಿ ಮುಚ್ಚಿಕೊಳ್ಳುವವರೆಗೆ ಅದು ಕೂತಿಲ್ಲ. ಜೋಡಿಸಿದ ಯಂತ್ರ ಶುರುವಾಗುತ್ತಿಲ್ಲ ಎಂದು ಯಾರಾದರೂ ನನ್ನನ್ನು ಕರೆದರೆ ನಾನು ಮೊದಲು ಮುಟ್ಟಿ ನೋಡುವುದು ರ‍್ಯಾಮನ್ನೇ. ಸ್ಲಾಟು ನಾಲ್ಕಿದ್ದು ರ‍್ಯಾಮ್ ಕಡ್ಡಿಗಳು ಎರಡೇ ಇದ್ದರೆ ಅವನ್ನು ಹೆಚ್ಚಿನ ಬೋರ್ಡುಗಳಲ್ಲಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ಹಾಗೆ ಹಾಕಿದರೆ ಎರಡೂ ಬೇರೆ ಬೇರೆ ಚಾನೆಲ್ಲಿಗೆ ಸೇರಿ, ಪ್ರೊಸೆಸರಿಗೆ ದತ್ತಾಂಶ ಎರಡು ದಾರಿಯಲ್ಲಿ ಹರಿಯುತ್ತದೆ.

ಎಂ.2 ಎಸ್‌ಎಸ್‌ಡಿ ಇದಕ್ಕೆ ತದ್ವಿರುದ್ಧ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ತೆಳ್ಳನೆಯ ಪಟ್ಟಿ ಅದು. ಓರೆಯಾಗಿ ತೂರಿಸಿದರೆ ಮೇಲಕ್ಕೆ ಎದ್ದು ನಿಲ್ಲುತ್ತದೆ. ಒಂದು ಬೆರಳಿನಿಂದ ಮಲಗಿಸಿ ತುದಿಯ ಪುಟ್ಟ ಸ್ಕ್ರೂ ತಿರುಗಿಸಬೇಕು. ತಾಗಿದೊಡನೆ ನಿಲ್ಲಿಸಬೇಕು. ಮೇಲೆ ಮುಚ್ಚುವ ಲೋಹದ ತಟ್ಟೆಯ ಅಡಿಯಲ್ಲಿ ಮೆತ್ತನೆಯ ಪಟ್ಟಿ ಅಂಟಿರುತ್ತದೆ, ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಸುಲಿಯುವುದು ಮರೆಯಬಾರದು.

ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬಗ್ಗೆ ಜಗಳಗಳು ಬಹಳ. ಹನಿ ಇಡಬೇಕೋ, ಗೆರೆ ಎಳೆಯಬೇಕೋ, ಅಡ್ಡಗೆರೆ ಹಾಕಬೇಕೋ. ಅದರ ಕೆಲಸವೇನೆಂದು ತಿಳಿದರೆ ಜಗಳ ಅರ್ಧ ಕರಗುತ್ತದೆ. ಪ್ರೊಸೆಸರಿನ ಬೆನ್ನೂ ಕೂಲರಿನ ತಳವೂ ನುಣುಪಾಗಿ ಕಂಡರೂ ಸೂಕ್ಷ್ಮವಾಗಿ ನೋಡಿದರೆ ಉಬ್ಬುತಗ್ಗುಗಳೇ. ಒಂದರ ಮೇಲೊಂದು ಇಟ್ಟಾಗ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ತಾಮ್ರ ಶಾಖವನ್ನು ಗಾಳಿಗಿಂತ ಸುಮಾರು 15,000 ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಪೇಸ್ಟು ಲೋಹದಷ್ಟು ಸಮರ್ಥವಲ್ಲ, ಗಾಳಿಗಿಂತ ಎಷ್ಟೋ ಮೇಲು. ಆದ್ದರಿಂದ ಗಾಳಿಯನ್ನು ಹೊರದೂಡುವಷ್ಟು ಬೇಕು, ಎರಡು ಲೋಹಗಳನ್ನು ದೂರ ಮಾಡುವಷ್ಟು ಬೇಡ. ನಡುವೆ ಒಂದು ಹನಿ ಇಟ್ಟು ಕೂಲರಿನ ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಸುತ್ತ ಹೋದರೆ ಒತ್ತಡವೇ ಅದನ್ನು ಹರಡುತ್ತದೆ. ಸ್ವಲ್ಪ ಹೆಚ್ಚಾಯಿತೆಂದು ಕೊರಗಬೇಕಿಲ್ಲ, ಹೆಚ್ಚಿನದು ಅಂಚಿನಿಂದ ಹೊರಬರುತ್ತದೆ. ಇಲ್ಲಿ ನಿಜವಾದ ಅಪಾಯ ಬೇರೆ: ಕೂಲರಿನ ತಳಕ್ಕೆ ಅಂಟಿಸಿದ ಪಾರದರ್ಶಕ ಹಾಳೆ ಅಲ್ಲೇ ಉಳಿದುಬಿಡುವುದು. ಹಾಗಾದರೂ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ. ಈಗಿನ ಪ್ರೊಸೆಸರುಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ, ಇನ್ನೂ ಏರಿದರೆ ಯಂತ್ರವನ್ನು ಆರಿಸುತ್ತವೆ.

ನಮ್ಮ ಮೈಯಲ್ಲಿ ಸೇರಿಕೊಂಡು ಕಿಡಿಯಾಗಿ ಹಾರುವ ಸ್ಥಿರ ವಿದ್ಯುತ್ತಿನ ಭಯ ಹೊಸಬರಲ್ಲಿ ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಆಧಾರವೂ ಇದೆ. ನಮ್ಮ ಬೆರಳಿಗೆ ಕಿಡಿ ತಾಕಿದ್ದು ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಬೇಕು; ಕೆಲವು ಬಿಡಿ ಚಿಪ್‌ಗಳು ನೂರು ವೋಲ್ಟ್‌ಗೂ ಕಡಿಮೆಯಲ್ಲಿ ಕೆಡಬಲ್ಲವು. ಅಂದರೆ ನಮಗೆ ಗೊತ್ತೇ ಆಗದಂತೆ ಹಾನಿಯಾಗಬಹುದು. ಆದರೆ ಪರಿಹಾರ ತುಂಬ ಸರಳ: ಉಣ್ಣೆಯ ಬಟ್ಟೆ, ರತ್ನಗಂಬಳಿ ಬೇಡ, ಭಾಗವನ್ನು ಅದರ ಚೀಲದಿಂದ ಹೊರತೆಗೆಯುವ ಮೊದಲು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ ಆರಿಸಿಟ್ಟ ಎಸ್‌ಎಂಪಿಎಸ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಬೇಕು, ಬೋರ್ಡನ್ನು ಅಂಚಿನಲ್ಲಿ ಹಿಡಿಯಬೇಕು. ಇಷ್ಟು ಮಾಡಿದವರು ನಿಶ್ಚಿಂತೆಯಿಂದ ಕೆಲಸ ಮಾಡಬಹುದು.

ಎಲ್ಲವನ್ನೂ ಕ್ಯಾಬಿನೆಟ್ಟಿಗೆ ತುಂಬುವ ಮೊದಲೇ, ರಟ್ಟಿನ ಪೆಟ್ಟಿಗೆಯ ಮೇಲೆಯೇ ಒಮ್ಮೆ ಚಾಲೂ ಮಾಡಿ ನೋಡಬೇಕೆಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಬೋರ್ಡಿಗೆ 24 ಪಿನ್‌ನ ಪ್ಲಗ್ಗು, ಪ್ರೊಸೆಸರಿಗೆಂದು 8 ಪಿನ್‌ನ ಪ್ಲಗ್ಗು, ಕೂಲರಿನ ಫ್ಯಾನ್, ರ‍್ಯಾಮ್, ತೆರೆ. ಇಷ್ಟೇ ಸಾಕು, ‘ಎಫ್’ ಪ್ರೊಸೆಸರಾದರೆ ಗ್ರಾಫಿಕ್ಸ್ ಕಾರ್ಡೂ ಬೇಕು. ಗುಂಡಿ ಇನ್ನೂ ಇಲ್ಲ, ಆದ್ದರಿಂದ ಕೈಪಿಡಿಯಲ್ಲಿ ಪವರ್ ಸ್ವಿಚ್ ಎಂದು ಗುರುತಿಸಿದ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಬೇಕು. ಲೋಹದಿಂದ ಬೋರ್ಡನ್ನು ಮುಟ್ಟುವುದೆಂದರೆ ಹೊಸಬರ ಎದೆ ಝಲ್ಲೆನ್ನುತ್ತದೆ. ಕ್ಯಾಬಿನೆಟ್ಟಿನ ಮುಂದಿನ ಗುಂಡಿ ಮಾಡುವುದೂ ಅದನ್ನೇ, ಎರಡು ಪಿನ್‌ಗಳನ್ನು ಕೂಡಿಸುವುದು.

ಸೊಸೆ ಮುಟ್ಟಿಸಿದಳು. ಫ್ಯಾನ್ ತಿರುಗಿತು. ತೆರೆ ಕಪ್ಪಾಗಿಯೇ ಉಳಿಯಿತು. ಅವಳ ಮುಖ ಬಾಡಿತು, ಪ್ಲಗ್ ಕೀಳಲು ಕೈ ಹೋಯಿತು. ಬೇಡವೆಂದೆ. ಡಿಡಿಆರ್5 ರ‍್ಯಾಮ್ ಇರುವ ಯಂತ್ರಗಳಲ್ಲಿ ಮೊದಲ ಬಾರಿ ವಿದ್ಯುತ್ ಹರಿದಾಗ ಪ್ರೊಸೆಸರು ರ‍್ಯಾಮಿನ ಜೊತೆ ಯಾವ ಕಾಲಮಾನದಲ್ಲಿ ಮಾತಾಡಬೇಕೆಂದು ತಾನೇ ಪರೀಕ್ಷಿಸಿ ಗೊತ್ತುಮಾಡಿಕೊಳ್ಳುತ್ತದೆ. ಇದಕ್ಕೆ ಕೆಲವೊಮ್ಮೆ ಹಲವು ನಿಮಿಷಗಳೇ ಹಿಡಿಯುತ್ತವೆ, ಅಷ್ಟು ಹೊತ್ತೂ ತೆರೆಯ ಮೇಲೆ ಏನೂ ಇರುವುದಿಲ್ಲ. ಕಂಪ್ಯೂಟರ್ ಕೆಟ್ಟಿದೆಯೆಂದುಕೊಂಡು ಎಷ್ಟೋ ಜನ ಆ ಹೊತ್ತಿನಲ್ಲೇ ಎಲ್ಲವನ್ನೂ ಬಿಚ್ಚಿಹಾಕುತ್ತಾರೆ. ಹಲವು ಬೋರ್ಡುಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್. ಯಾವುದು ಉರಿದು ನಿಂತಿದೆಯೋ ಅಲ್ಲಿ ಕೆಲಸ ನಡೆಯುತ್ತಿದೆ, ಇಲ್ಲವೇ ಅಲ್ಲಿ ತೊಡಕಿದೆ. ನಾವು ರ‍್ಯಾಮ್‌ನ ದೀಪವನ್ನೇ ನೋಡುತ್ತ ಕುಳಿತೆವು. ಅದು ಆರಿತು, ಮುಂದಿನದು ಹೊತ್ತಿತು, ಬಯೋಸ್‌ನ ನೀಲಿ ಪುಟ ತೆರೆಯ ಮೇಲೆ ಮೂಡಿತು. ಪ್ರೊಸೆಸರಿನ ಹೆಸರು, ರ‍್ಯಾಮಿನ ಗಾತ್ರ, ಎಸ್‌ಎಸ್‌ಡಿಯ ಹೆಸರು ಮೂರೂ ಅಲ್ಲಿದ್ದವು. ಅವಳು ಒಂದೊಂದನ್ನೂ ಗಟ್ಟಿಯಾಗಿ ಓದಿದಳು.

ನಿಜವಾಗಿಯೂ ತೆರೆ ಬೆಳಗದಿದ್ದರೆ ಏನು ಮಾಡಬೇಕು ಎಂಬುದಕ್ಕೂ ಗಾಬರಿಯಲ್ಲದ ಒಂದು ಕ್ರಮವಿದೆ. ತೆರೆಯ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹೋಗಿದೆಯೋ ಬೋರ್ಡಿಗೋ ನೋಡುವುದು. ಕಾರ್ಡಿದ್ದರೆ ಕಾರ್ಡಿಗೇ ಹೋಗಬೇಕು. ಪ್ರೊಸೆಸರಿನ 8 ಪಿನ್ ಪ್ಲಗ್ಗು ಹಾಕಿದೆಯೇ ನೋಡುವುದು. ಬೋರ್ಡಿನ ಮೂಲೆಯಲ್ಲಿರುವ ಅದನ್ನು ಮರೆಯುವವರು ಬಹಳ. ಒಂದೇ ರ‍್ಯಾಮ್ ಕಡ್ಡಿ ಇಟ್ಟು ನೋಡುವುದು. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸುವುದು. ಎರಡನ್ನು ಒಟ್ಟಿಗೆ ಬದಲಿಸಿದರೆ, ಯಂತ್ರ ಸರಿಹೋದರೂ ಕಾರಣ ಕೈಗೆ ಸಿಗುವುದಿಲ್ಲ.

ಕ್ಯಾಬಿನೆಟ್ಟಿನೊಳಗಿನ ಕೆಲಸ ಬೇಸರದ್ದು, ಬೇಗ ಮುಗಿಸುತ್ತೇನೆ. ಬೋರ್ಡಿನ ತೂತುಗಳ ಕೆಳಗೆ, ಅದನ್ನು ಕ್ಯಾಬಿನೆಟ್ಟಿನ ತಗಡಿನಿಂದ ಎತ್ತಿ ನಿಲ್ಲಿಸುವ ಹಿತ್ತಾಳೆಯ ಪುಟ್ಟ ಸ್ಟ್ಯಾಂಡ್‌ಆಫ್‌ಗಳು ಇರಲೇಬೇಕು. ತೂತಿಲ್ಲದ ಕಡೆ ಒಂದು ಉಳಿದಿದ್ದರೂ ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಮಾಡಬಹುದು. ಎಣಿಸಿ ನೋಡಿ. ಮುಂಭಾಗದ ಯುಎಸ್‌ಬಿ 3ರ ದಪ್ಪ ಪ್ಲಗ್ಗು ಕೂರುವ ಬೋರ್ಡಿನ ಪಿನ್‌ಗಳು ಬೇಗ ಬಾಗುತ್ತವೆ, ನೇರವಾಗಿ ಒತ್ತಬೇಕು. ಗುಂಡಿಯ ತಂತಿಗಳಿಗೆ ಧನ ಋಣ ಲೆಕ್ಕವಿಲ್ಲ, ದೀಪದ ತಂತಿಗಳಿಗೆ ಇದೆ. ತಿರುಗಿಹಾಕಿದರೆ ದೀಪ ಉರಿಯುವುದಿಲ್ಲ, ಅಷ್ಟೇ. ಫ್ಯಾನ್‌ಗಳು ಮುಂದಿನಿಂದ ಗಾಳಿ ಒಳಗೆಳೆದು ಹಿಂದಿನಿಂದ ಹೊರಬಿಡಬೇಕು.

ಗ್ರಾಫಿಕ್ಸ್ ಕಾರ್ಡಿನ ಬಳಿ ಮತ್ತೆ ನಿಲ್ಲಬೇಕು. ಸ್ಲಾಟಿನಿಂದ ಕಾರ್ಡು ಪಡೆಯಬಹುದಾದದ್ದು 75 ವಾಟ್ ಮಾತ್ರ. ಹೆಚ್ಚಿಗೆ ಬೇಕಾದರೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಬರಬೇಕು, 8 ಪಿನ್‌ನ ಒಂದು ಪ್ಲಗ್ಗಿಗೆ 150 ವಾಟ್. 2022ರಲ್ಲಿ 16 ಪಿನ್‌ನ ಹೊಸ ಪ್ಲಗ್ಗು ಬಂತು, ಅದೊಂದರಲ್ಲೇ 600 ವಾಟ್ ಹರಿಯಬಹುದು. 12 ವೋಲ್ಟ್‌ನಲ್ಲಿ 600 ವಾಟ್ ಎಂದರೆ 50 ಆಂಪಿಯರ್. ಆ ಪುಟ್ಟ ಪ್ಲಗ್ಗು ಪೂರ್ತಿ ಕೂರದೆ ಉಳಿದ ಕೆಲವು ಕಡೆ ಕಾದು ಕರಗಿಯೇಹೋಯಿತು. ಮರುವರ್ಷ ಅದನ್ನು ತಿದ್ದಿದರು: ಗುರುತು ತಿಳಿಸುವ ಸಣ್ಣ ಪಿನ್‌ಗಳನ್ನು ಗಿಡ್ಡ ಮಾಡಿದರು, ಪ್ಲಗ್ಗು ಪೂರ್ತಿ ಒಳಗೆ ಹೋಗದ ಹೊರತು ಆ ಪಿನ್‌ಗಳು ತಾಗುವುದಿಲ್ಲ, ತಾಗದ ಹೊರತು ಕಾರ್ಡು ವಿದ್ಯುತ್ ಎಳೆಯುವುದಿಲ್ಲ. ಪಿ8, ಪಿ9ರ ಕಾಲದ ಹಾಗೆ ಇಲ್ಲೂ ಆಕಾರದಿಂದಲೇ ಪರಿಹಾರ. ಆದರೂ ಈ ಪ್ಲಗ್ಗನ್ನು ಹಾಕುವಾಗ ಮೃದುತ್ವವೇ ಅಪಾಯಕಾರಿ. ಒತ್ತಿ, ಸಂದು ಉಳಿದಿಲ್ಲವೆಂದು ಕಣ್ಣಿನಿಂದ ನೋಡಿ, ಹಿಂದಕ್ಕೆ ಸ್ವಲ್ಪ ಎಳೆದು ಪರೀಕ್ಷಿಸಿ, ಪ್ಲಗ್ಗಿನ ಬುಡದಲ್ಲೇ ಕೇಬಲ್ಲನ್ನು ಮಡಚದೆ ಬಿಡಬೇಕು.

ಆಪರೇಟಿಂಗ್ ಸಿಸ್ಟಮ್ ಹಾಕುವುದು ಈಗ ಕಷ್ಟವೇ ಅಲ್ಲ, ಪೆನ್‌ಡ್ರೈವ್ ಇದ್ದರೆ ಸಾಕು. ಮರೆತುಹೋಗುವ ಸಂಗತಿ ಇನ್ನೊಂದಿದೆ. ಪೆಟ್ಟಿಗೆಯ ಮೇಲೆ 6000 ಎಂದು ಬರೆದ ಡಿಡಿಆರ್5 ರ‍್ಯಾಮ್ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಯ್ಕೆಯನ್ನು ತೆರೆಯುವವರೆಗೂ ಅದಕ್ಕಿಂತ ಕಡಿಮೆ, ಹೆಚ್ಚಾಗಿ 4800ರ ವೇಗದಲ್ಲೇ ಓಡುತ್ತಿರುತ್ತದೆ. ಹಣ ಕೊಟ್ಟ ವೇಗವನ್ನು ವರ್ಷಗಟ್ಟಲೆ ಬಳಸದೆಯೇ ಇರುವ ಯಂತ್ರಗಳನ್ನು ನಾನು ನೋಡಿದ್ದೇನೆ.

ಸುಮಾರು ಒಂದು ವರ್ಷ ಕಳೆದ ಮೇಲೆ ಸೊಸೆ ತಾನಾಗಿಯೇ ಇನ್ನೊಂದು ಎಂ.2 ಎಸ್‌ಎಸ್‌ಡಿ ಕೊಂಡು ಹಾಕಿದಳು. ಹಾಕಿದ ಕೂಡಲೇ ಹಳೆಯ, ಕೇಬಲ್ಲಿನಿಂದ ಬೋರ್ಡಿಗೆ ಸೇರಿದ ಸಾಟಾ ಡಿಸ್ಕು ಕಾಣೆಯಾಯಿತಂತೆ. ಅವಳು ನನ್ನನ್ನು ಕರೆಯಲಿಲ್ಲ, ಡಿಸ್ಕ್ ಸತ್ತಿತೆಂದು ಅಳಲೂ ಇಲ್ಲ. ಬೋರ್ಡಿನ ಕೈಪಿಡಿ ತೆಗೆದು, ಆ ಎಂ.2 ಸ್ಲಾಟು ತುಂಬಿದಾಗ ಒಂದು ನಿರ್ದಿಷ್ಟ ಸಾಟಾ ಪೋರ್ಟು ಕೆಲಸ ನಿಲ್ಲಿಸುತ್ತದೆ ಎಂಬ ಸಾಲನ್ನು ಹುಡುಕಿ, ಕೇಬಲ್ಲನ್ನು ಪಕ್ಕದ ಪೋರ್ಟಿಗೆ ಬದಲಿಸಿದಳು. ಡಿಸ್ಕ್ ಮರಳಿ ಬಂತು. ಇದನ್ನೆಲ್ಲ ನನಗೆ ಹೇಳಿದ್ದು ಬೇರೇನೋ ಮಾತಿನ ನಡುವೆ, ತನ್ನ ಗೆಳತಿಯೊಬ್ಬಳ ಕಂಪ್ಯೂಟರಿಗೆ ಯಾವ ಎಸ್‌ಎಂಪಿಎಸ್ ಹಾಕಿಸಲಿ ಎಂದು ಕೇಳುವಾಗ.